ಫಿಷರ್ ಆಟದಲ್ಲಿ ಇಲ್ಲದ ನಡೆ

ವಿಜಯಪುರದ ಚೆಸ್ ಟೂರ್ನಿಗೆ ಬಾಗಲಕೋಟೆಯಿಂದ ಹೊರಟಾಗಲೇ ನಿಶ್ಚಯ ಮಾಡಿದ್ದೆ: ಬಿಳಿ ಕಾಯಿ ಬಂದರೆ ಇವಾನ್ಸ್ ಗ್ಯಾಂಬಿಟ್. 4ನೇ ನಡೆಯಲ್ಲೇ ಬಿ4ರ (ಬೋರ್ಡಿನ ಮನೆಗಳಿಗೆ ಅಕ್ಷರ, ಅಂಕೆ ಸೇರಿಸಿದ ಹೆಸರು) ಕಾಲಾಳನ್ನು ಎದುರಾಳಿಯ ಒಂಟೆಯ ಬಾಯಿಗೆ ಕೊಡುವ ಆಟವಿದು. ಕಪ್ಪು ರಾಜ ಕ್ಯಾಸಲ್ ಆಗಿ ಆನೆಯ ಮರೆಗೆ ಸೇರುವಷ್ಟರಲ್ಲಿ ನಮ್ಮ ಕಾಯಿಗಳು ಅವನ ಬಾಗಿಲಲ್ಲಿರಬೇಕು, ಇಲ್ಲದಿದ್ದರೆ ಕೊಟ್ಟದ್ದು ನಷ್ಟವೇ. 1963ರಲ್ಲಿ ನ್ಯೂಯಾರ್ಕಿನಲ್ಲಿ ಮುಂದೆ ವಿಶ್ವ ಚಾಂಪಿಯನ್ ಆದ ಬಾಬಿ ಫಿಷರ್ ಇದೇ ಆರಂಭದಿಂದ ಗ್ರ್ಯಾಂಡ್‌ಮಾಸ್ಟರ್ ರೂಬೆನ್ ಫೈನನನ್ನು 17 ನಡೆಗಳಲ್ಲಿ ಸೋಲಿಸಿದ್ದ. ಆ ಆಟ ನನಗೆ ಬಾಯಿಪಾಠ.

ಮೂರನೇ ಸುತ್ತಿನಲ್ಲಿ ಎದುರಿಗೆ ಕೂತವರು ನಿವೃತ್ತ ಮಾಸ್ತರರು. ಕೊಟ್ಟದ್ದನ್ನೆಲ್ಲ ತಗೊಂಡರು; 7 ನಡೆಗೆ ನನ್ನ ಮೂರು ಕಾಲಾಳು ಹೋದವು. ನನ್ನ ರಾಣಿ ಬಿ3ಕ್ಕೆ, ಅವರ ರಾಣಿ ಇ7ಕ್ಕೆ. ಫೈನ್ ಆಡಿದ್ದೂ ಅದನ್ನೇ! ಮುಂದೆ ನನ್ನ ಕುದುರೆ ಡಿ5ಕ್ಕೆ ಹೋಯಿತು, ಒಂಟೆ ಬಿ2ಕ್ಕೆ ಬಂತು, ಎಚ್4ರ ಕಾಲಾಳನ್ನು ಅವರ ರಾಣಿ ತಿಂದಿತು, ನನ್ನ ಒಂಟೆ ಜಿ7 ಹೊಡೆಯಿತು, ಅವರ ಆನೆ ಜಿ8ಕ್ಕೆ ಬಂತು. 16ನೇ ನಡೆಗೆ ಇ1ರಲ್ಲಿ ಆನೆಯಿಟ್ಟು ಚೆಕ್ ಕೊಟ್ಟೆ.

ಇಲ್ಲಿ ಫೈನ್ ರಾಜನನ್ನು ಡಿ8ಕ್ಕೆ ಸರಿಸಿದ್ದ. ಮಾಸ್ತರರು ಎ5ರ ಒಂಟೆಯಿಂದ ನನ್ನ ಆನೆಯನ್ನೇ ಹೊಡೆದರು.

ಎ1ರ ಆನೆಯಿಂದ ತಿರುಗಿ ಹೊಡೆದೆ, ಮತ್ತೆ ಚೆಕ್. ರಾಜ ಡಿ8ಕ್ಕೆ. ಒಂಟೆಗೆ ಬದಲು ಆನೆ ಹೋಗಿದೆ, ಎರಡು ಕಾಲಾಳು ಕಡಿಮೆ, ನನ್ನ ಎರಡೂ ಒಂಟೆಗಳ ಮೇಲೆ ಅವರ ಕಣ್ಣು. ಫಿಷರ್ ರಾಣಿಯನ್ನು ಜಿ3ಕ್ಕೆ ತಂದು ಬಲಿಗಿಟ್ಟಿದ್ದ. ಆದರೆ ಅವನ ಬಳಿ ಎರಡು ಆನೆಗಳಿದ್ದವು. ಮುಟ್ಟಿದ ಕಾಯಿ ನಡೆಸಲೇಬೇಕೆಂದು ಕೈಗಳನ್ನು ತೊಡೆ ಕೆಳಗಿಟ್ಟುಕೊಂಡು ಹನ್ನೊಂದು ನಿಮಿಷ ಕೂತೆ. ಅವರ ರಾಣಿ ನನ್ನ ರಾಣಿಯನ್ನು ಹೊಡೆದರೆ ನನ್ನ ಒಂಟೆ ಎಫ್6ಕ್ಕೆ ಬಂದು ಚೆಕ್. ರಾಜನಿಗೆ ಸಿ7, ಡಿ7ರಲ್ಲಿ ಅವನದೇ ಕಾಲಾಳುಗಳು ಅಡ್ಡ, ಸಿ8ರಲ್ಲಿ ಅವನದೇ ಒಂಟೆ. ಇ8 ಒಂದೇ ದಾರಿ, ಅದನ್ನು ನನ್ನ ಉಳಿದೊಂದು ಆನೆ ಕಾಯುತ್ತಿದೆ. ಅಲ್ಲಿಗೆ ಮೇಟ್! ಬದಲಿಗೆ ಆನೆಯಿಂದ ಜಿ7ರ ಒಂಟೆ ಹೊಡೆದರೆ ಅವರ ರಾಣಿ ಚೆಕ್ ಸಮೇತ ನನಗೆ. ಇಷ್ಟು ದಿನ ಬಾಯಿಪಾಠ ಮಾಡಿದ ಆಟದಲ್ಲಿ ಒಂದೇ ಆನೆ ಸಾಕಾಗಿತ್ತೆಂದು ನನಗೆ ತಿಳಿದದ್ದೇ ಆಗ.

ರಾಣಿ ಜಿ3. ಮಾಸ್ತರರು ಬಹಳ ಹೊತ್ತು ನೋಡಿ, ಸೋಲೊಪ್ಪಿ ಕೈ ಚಾಚಿದರು.

"ತಮ್ಮಾ, ಇದನ್ನ ಮನ್ಯಾಗ ಹಚ್ಚಿ ನೋಡ್ಕೊಂಡ ಬಂದಿದ್ದೇನು?"

"ನೀವು ಆನಿ ಹೊಡಿಯೂ ತನಕ ಹೌದ್ರಿ ಸರ್. ಆಮ್ಯಾಲಿಂದಲ್ಲ."

ಹೊರಗೆ ಬೋರ್ಡ್ ಹಚ್ಚಿ 8ನೇ ನಡೆಗೆ ತಿರುಗಿ ಹೋದೆವು. ಈ ಸಲ ಅವರು ರಾಣಿಯನ್ನು ಇ7 ಬಿಟ್ಟು ಎಫ್6ಕ್ಕೆ ಇಟ್ಟರು. ನಾನು ಇ5 ತಳ್ಳಿದೆ, ರಾಣಿ ಜಿ6ಕ್ಕೆ ಸರಿಯಿತು. ಮುಂದಿನ ಸುತ್ತಿಗೆ ಕರೆಯುವವರೆಗೂ ಅವರ ರಾಜನ ಹತ್ತಿರ ಹೋಗುವ ದಾರಿ ನನಗೆ ಸಿಗಲಿಲ್ಲ.