ಬಡಕಲಾದ ದೊಡ್ಡ ನಾಯಿಗೆ ಮೊದಲ ದಿನವೇ ಹೊಟ್ಟೆ ತುಂಬ ಹಾಕಬೇಡಿ

ಯಾರೋ ಬಿಟ್ಟುಹೋದ ಗ್ರೇಟ್ ಡೇನ್, ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳನ್ನು ತಂದು ಸಾಕಿ, ಹೊಸ ಮನೆ ಹುಡುಕಿಕೊಡುವವರು ಕಾರವಾರ, ಕುಮಟಾ, ಶಿರಸಿಗಳಲ್ಲಿ ಇದ್ದಾರೆ. ನಾಯಿಯನ್ನು ಹಿಡಿಯುವುದು, ಗಾಡಿಗೆ ಹತ್ತಿಸುವುದು ಅವರಿಗೆ ಕಷ್ಟವಲ್ಲ. ಎಡವುವುದು ಊಟ ಹಾಕುವಲ್ಲಿ. ಮೂಳೆ ಎದ್ದ ನಾಯಿ ಕಂಡು ಕರುಳು ಚುರ್ ಎಂದು ಬಟ್ಟಲು ತುಂಬ ಗಂಜಿ ಸುರಿಯುತ್ತಾರೆ. ಆ ಗಂಜಿಯೇ ಅದನ್ನು ಕೊಲ್ಲಬಹುದು.

ಬಹುದಿನ ಉಪವಾಸವಿದ್ದ ದೇಹ ತನ್ನ ಕೊಬ್ಬು, ಮಾಂಸ ಕರಗಿಸಿಕೊಂಡು ಉಳಿದಿರುತ್ತದೆ. ಒಮ್ಮೆಲೇ ಅನ್ನ, ಗಂಜಿ, ಬಿಸ್ಕತ್ತು ಹೋದರೆ ಇನ್ಸುಲಿನ್ ಏರುತ್ತದೆ; ರಕ್ತದಲ್ಲಿದ್ದ ರಂಜಕ (ಫಾಸ್ಫರಸ್), ಪೊಟ್ಯಾಸಿಯಂ, ಮೆಗ್ನೀಸಿಯಂ ಜೀವಕೋಶಗಳೊಳಗೆ ಸೇರಿ ರಕ್ತದಲ್ಲಿ ಕಡಿಮೆಯಾಗಿಬಿಡುತ್ತವೆ. ಚೇತರಿಸಿಕೊಂಡಂತೆ ಕಂಡ ನಾಯಿ ಎರಡು-ಮೂರು ದಿನದಲ್ಲಿ ನಡುಗಿ, ಏದುಸಿರು ಬಿಟ್ಟು, ಹೃದಯ ಸೋತು ಸಾಯಬಹುದು.

ಆದ್ದರಿಂದ ಮೊದಲು ತೂಕ ನೋಡಿ. ಅಡಿಕೆ ವಖಾರಿಯ ಇಲ್ಲವೇ ಮೀನು ತೂಗುವ ಅಗಲ ತಕ್ಕಡಿ ಸಾಕು. ಈಗಿರುವ ತೂಕವೇ ಲೆಕ್ಕ, ಇರಬೇಕಾದ ತೂಕವಲ್ಲ. ಮೊಬೈಲಿನಲ್ಲಿ ತೂಕವನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಮತ್ತೆ ತೂಕದಿಂದಲೇ ಗುಣಿಸಿ, ಎರಡು ಬಾರಿ ವರ್ಗಮೂಲ ಒತ್ತಿ, 70ರಿಂದ ಗುಣಿಸಿ. 25 ಕಿಲೋ ನಾಯಿಗೆ ದಿನಕ್ಕೆ ಸುಮಾರು 780 ಕ್ಯಾಲೊರಿ ಬರುತ್ತದೆ. ಮೊದಲೆರಡು ದಿನ ಅದರ ಕಾಲು ಭಾಗ ಮಾತ್ರ: ಒಂದು ಬೇಯಿಸಿದ ಮೊಟ್ಟೆ, 75 ಗ್ರಾಂ ಚರ್ಮ-ಮೂಳೆ ತೆಗೆದು ಬೇಯಿಸಿದ ಕೋಳಿ. ಇಷ್ಟನ್ನೇ ನಾಲ್ಕು ಪಾಲು ಮಾಡಿ ಆರು ಗಂಟೆಗೊಮ್ಮೆ ಕೊಡಿ. ನಾಯಿ ಕುಂಯ್‌ಗುಡುತ್ತದೆ, ಬಟ್ಟಲು ನೆಕ್ಕುತ್ತದೆ, ಮನೆಯವರು ಕದ್ದು ಚಪಾತಿ ಹಾಕಲು ನೋಡುತ್ತಾರೆ, ಬಿಡಬೇಡಿ. ವಾಂತಿ, ಭೇದಿ, ನಡುಕ ಇಲ್ಲದಿದ್ದರೆ ಮೂರನೇ ದಿನದಿಂದ ಅರ್ಧ, ಐದರಿಂದ ಮುಕ್ಕಾಲು, ಏಳೆಂಟನೇ ದಿನಕ್ಕೆ ಪೂರ್ತಿ. ಅನ್ನ ಆಮೇಲೆ ನಿಧಾನವಾಗಿ ಸೇರಲಿ. ಮೊದಲ ತುತ್ತಿಗೆ ಮುಂಚೆಯೇ ಪಶುವೈದ್ಯರನ್ನು ಕಂಡು ಥಯಾಮಿನ್ (ಬಿ1 ಜೀವಸತ್ವ) ಚುಚ್ಚುಮದ್ದಿನ ಬಗ್ಗೆ, ರಕ್ತದ ರಂಜಕ ಪರೀಕ್ಷೆಯ ಬಗ್ಗೆ ಕೇಳಿ. ಪರೀಕ್ಷೆ ಊರಲ್ಲಿ ಆಗದಿದ್ದರೆ ಹುಬ್ಬಳ್ಳಿಗೋ ಗೋವಾಕ್ಕೋ ಹೋಗುವ ಖರ್ಚು ದಂಡವಲ್ಲ.

ಚೀಲ ಬಿಚ್ಚಿ ಬಿಡಿಯಾಗಿ ತೂಗಿ ಮಾರುವ ನಾಯಿ ಆಹಾರ ಮಾತ್ರ ಬೇಡವೇ ಬೇಡ. ಕರಾವಳಿಯ ತೇವಕ್ಕೆ ಅದು ಬೇಗ ಕಮಟುತ್ತದೆ, ಬೂಷ್ಟು ಹಿಡಿಯುತ್ತದೆ.

ಮಲಗಲು ದಪ್ಪ ಹಾಸಿಗೆ ಬೇಕು, ಇಲ್ಲದಿದ್ದರೆ ಭಾರಕ್ಕೆ ಮೊಣಕೈ ಹುಣ್ಣಾಗುತ್ತದೆ. ಕೊಟ್ಟಿಗೆಗೆ ಹಾಸುವ ಕಾಡಿನ ದರಕನ್ನು, ಅಂದರೆ ಒಣ ತರಗೆಲೆಯನ್ನು, ತರಬೇಡಿ. ಅದರೊಂದಿಗೆ ಉಣುಗು ಬರುತ್ತದೆ, ಶಿರಸಿ-ಸಿದ್ದಾಪುರದ ಕಡೆ ಉಣುಗೆಂದರೆ ಮಂಗನ ಕಾಯಿಲೆಯ ಭಯವೂ ಇದೆ. ನಾಯಿಯ ಮೈಗೆ ಹತ್ತಿದ ಉಣುಗನ್ನು ಕೈಗವಸು ಹಾಕಿ, ಚಿಮಟದಿಂದ ಚರ್ಮಕ್ಕೆ ತಾಗಿ ಹಿಡಿದು ನೇರ ಎಳೆಯಿರಿ, ಉಗುರಲ್ಲಿ ಒಡೆಯಬೇಡಿ. ದನಕ್ಕೆ ತಂದ ಹುಳು-ಉಣುಗಿನ ಔಷಧಿ ಐವರ್‌ಮೆಕ್ಟಿನ್ ಚುಚ್ಚುವ ಅಡ್ಡದಾರಿ ಅಪಾಯಕಾರಿ. ಕೋಲಿ ತಳಿಯ ನಾಯಿಗಳಲ್ಲಿ ಮತ್ತು ಕೆಲವು ಜರ್ಮನ್ ಶೆಫರ್ಡ್‌ಗಳಲ್ಲಿ ಆ ಔಷಧಿ ಮಿದುಳಿಗೆ ನುಗ್ಗುತ್ತದೆ.

ರೇಬಿಸ್ ಲಸಿಕೆ, ಜಂತುಹುಳುವಿನ ಔಷಧಿ ವೈದ್ಯರು ಹೇಳಿದ ಕ್ರಮದಲ್ಲಿ; ಸಂತಾನಹರಣ ಶಸ್ತ್ರಚಿಕಿತ್ಸೆ ಮೈ ತುಂಬಿದ ಮೇಲೆ. ನಾಯಿ ಮುಟ್ಟುವ ಸ್ವಯಂಸೇವಕರು ತಾವೂ ರೇಬಿಸ್‌ಗೆ ಮುಂಜಾಗ್ರತಾ ಲಸಿಕೆ ಹಾಕಿಸಿಕೊಂಡಿರಬೇಕು.

ಹೊಸ ಮನೆಯವರಿಗೆ ಒಂದು ವಿಷಯ ಕಡ್ಡಾಯವಾಗಿ ತಿಳಿಸಿ. ಎದೆ ಆಳವಾದ ದೊಡ್ಡ ನಾಯಿಗಳ ಹೊಟ್ಟೆ ಗಾಳಿ ತುಂಬಿ ತಿರುಚಿಕೊಳ್ಳಬಹುದು. ದಿನದ ಊಟವನ್ನು ಎರಡು-ಮೂರು ಸಲ ಹಂಚಿ ಹಾಕಲಿ, ಉಂಡ ಮೇಲೆ ಒಂದು ಗಂಟೆ ಓಡಿಸದಿರಲಿ. ಹೊಟ್ಟೆ ಬಿಗಿದು, ಏನೂ ಬಾರದೆ ಓಕರಿಸುತ್ತಿದ್ದರೆ ಸೋಡಾ ಕುಡಿಸುತ್ತ ಬೆಳಗಿನವರೆಗೆ ಕಾಯಬಾರದು. ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗುತ್ತದೆ.

ಕೊಡುವ ಮೊದಲು ಮನೆ ನೋಡಿ: ಚಿರೇಕಲ್ಲಿನ ಪಾಗಾರ ಐದಡಿಯಾದರೂ ಇರಲಿ, ಗೇಟಿನ ಕೆಳಗೆ ತಲೆ ತೂರುವ ಸಂದು ಇರದಿರಲಿ. ಸೇಂಟ್ ಬರ್ನಾರ್ಡ್, ಹಸ್ಕಿಗಳನ್ನು ನೆರಳು, ತಣ್ಣನೆಯ ನೆಲ, ಫ್ಯಾನ್ ಇಲ್ಲದ ಮನೆಗೆ ಕೊಡುವುದೇ ಬೇಡ. ಸಾಕಲಾಗದಿದ್ದರೆ ನಮಗೇ ಮರಳಿಸಬೇಕೆಂದು ಬರೆಸಿಕೊಳ್ಳಿ. ಹೆದರಿದ ನಾಯಿ ಹಿಂದಕ್ಕೆ ಜಗ್ಗಿ ಕೊರಳಪಟ್ಟಿಯಿಂದ ನುಸುಳುತ್ತದೆ. ಕೊರಳಪಟ್ಟಿಗೊಂದು, ಎದೆಪಟ್ಟಿಗೊಂದು ಎಂದು ಎರಡು ಹಗ್ಗ ಕಟ್ಟಿ, ಮೊದಲ ಎರಡು ವಾರ ಅಂಗಳದಲ್ಲೂ ಬಿಚ್ಚಬೇಡಿ.