ತೀರ್ಪು ಕೇಳಲಿಲ್ಲ, ವಾಯಿದೆ ಕೇಳಿದರು

ಫೋನ್ ಬಂದದ್ದು ಒಂದು ಭಾನುವಾರ ಸಂಜೆ. ಕಾಲೇಜಿನಲ್ಲಿ ನನ್ನ ಜೊತೆ ಒಂದೇ ಹಾಸ್ಟೆಲಿನಲ್ಲಿದ್ದ ಗೆಳೆಯ. ಮಕ್ಕಳ ಓದು, ಅವನ ತಾಯಿಯ ಮಂಡಿನೋವು ಎಲ್ಲ ಮಾತಾಡಿ ಮುಗಿದ ಮೇಲೆ ನಿಧಾನಕ್ಕೆ ಶುರುಮಾಡಿದ. "ಅಂದಹಾಗೆ ನಿನ್ನ ಕೋರ್ಟಲ್ಲಿ ಒಂದು ಪಂಚಾಯ್ತಿ ಎಲೆಕ್ಷನ್ ಪಿಟಿಷನ್ ಇದೆಯಂತಲ್ಲ. ನಮ್ಮ ಸಾಹೇಬ್ರು ಏನೂ ಕೇಳ್ತಿಲ್ಲ ಮಾರಾಯ. ಆರ್ಡರು ನಿಂಗೆ ಬಿಟ್ಟಿದ್ದು. ಸ್ವಲ್ಪ ನಿಧಾನ ಮಾಡು, ಅಷ್ಟೇ."

ಆ ಸಾಹೇಬರು ಯಾರೆಂದು ಆ ತಾಲೂಕಿನಲ್ಲಿ ಯಾರೂ ಕೇಳಬೇಕಾಗಿರಲಿಲ್ಲ. ನಾನು ಅಲ್ಲಿ ಸಿವಿಲ್ ಜಡ್ಜ್ ಆಗಿ ಬಂದು ಒಂದೂವರೆ ವರ್ಷವಾಗಿತ್ತು. ಗ್ರಾಮ ಪಂಚಾಯಿತಿಯ ಒಂದು ವಾರ್ಡಿನಲ್ಲಿ ಗೆದ್ದವರಿಗೆ 214 ಮತ, ಸೋತವರಿಗೆ 212. ಆ ಒಂದು ಸ್ಥಾನ ಅಲ್ಲಾಡಿದರೆ ಅಧ್ಯಕ್ಷಗಿರಿಯೂ ಅಲ್ಲಾಡುತ್ತಿತ್ತು. ತಿರಸ್ಕರಿಸಿದ 11 ಮತಪತ್ರಗಳನ್ನು ಮತ್ತೆ ನೋಡಬೇಕು ಎಂಬುದು ಸೋತವರ ಅರ್ಜಿ.

ಗೆಳೆಯ ಕೇಳಿದ್ದು ತೀರಾ ಸಣ್ಣದು ಅಂತ ಹೊರಗಿನವರಿಗೆ ಅನ್ನಿಸಬಹುದು. ಪಂಚಾಯಿತಿ ಸದಸ್ಯರ ಅವಧಿ 5 ವರ್ಷ. ನನ್ನ ಕೋರ್ಟಿನಲ್ಲಿ 3 ವರ್ಷ ಎಳೆದು, ಮೇಲಿನ ಕೋರ್ಟಿನಲ್ಲಿ ಇನ್ನೆರಡು ವರ್ಷ ಕಳೆದರೆ ಅರ್ಜಿದಾರನಿಗೆ ಗೆಲುವಿನ ಆದೇಶ ಸಿಗುವ ಹೊತ್ತಿಗೆ ಮುಂದಿನ ಚುನಾವಣೆಯ ಅಧಿಸೂಚನೆ ಬಂದಿರುತ್ತದೆ. ಹಾಗಾಗಿ ವಾಯಿದೆ ಕೊಟ್ಟರೆ ತೀರ್ಪು ಕೊಟ್ಟ ಹಾಗೆಯೇ. ನನ್ನ ಇಡೀ ಸೇವೆಯಲ್ಲಿ "ಹೀಗೆ ತೀರ್ಪು ಬರೀರಿ" ಎಂದು ಯಾರೂ ಕೇಳಿಲ್ಲ. ಕೇಳಿದವರೆಲ್ಲ ಕೇಳಿದ್ದು ದಿನಾಂಕವನ್ನೇ.

ಇದು ನನಗೆ ಆ ಹೊತ್ತಿಗೆ ಚೆನ್ನಾಗಿ ಗೊತ್ತಿತ್ತು, ಯಾಕೆಂದರೆ ಮೊದಲ ಪೋಸ್ಟಿಂಗಿನಲ್ಲಿ ನಾನು ಒಮ್ಮೆ ಕೊಟ್ಟುಬಿಟ್ಟಿದ್ದೆ. ಆ ಊರಿನ ಹಿರಿಯ ವಕೀಲರೊಬ್ಬರು, ಪಕ್ಷವೊಂದರ ಪದಾಧಿಕಾರಿ ಕೂಡ, ಸಂಜೆ ಚೇಂಬರಿಗೆ ಬಂದು ಕೂತು, ಒಬ್ಬ ಹೆಂಗಸಿನ ತಡೆಯಾಜ್ಞೆ ಅರ್ಜಿಯ ಬಗ್ಗೆ "ಒಂದು ತಿಂಗಳು ಮುಂದಕ್ಕೆ ಹಾಕಿ ಸ್ವಾಮಿ, ರಾಜಿ ಆಗೋ ಹಾಗಿದೆ" ಅಂದರು. ಹೊಸಬ, ಹಿರಿಯರ ಮಾತು, ರಾಜಿಯಾದರೆ ಒಳ್ಳೆಯದೇ ಎಂದುಕೊಂಡೆ. ಒಂದು ತಿಂಗಳು ಹಾಕಿದೆ. ಆ ತಿಂಗಳಲ್ಲಿ ಅವಳ ದಾರಿಗೆ ಅಡ್ಡವಾಗಿ ಕಾಂಪೌಂಡು ಎದ್ದಿತು. ಮುಂದಿನ ವಾಯಿದೆಗೆ ಆಕೆ ಕೋರ್ಟ್ ಹಾಲಿನ ಬಾಗಿಲಲ್ಲೇ ನಿಂತು, "ಗೋಡೆ ಎದ್ದ್ ಮೇಲೆ ಏನ್ ತಡೀತೀರ ಸ್ವಾಮಿ" ಅಂದಳು. ನನಗೆ ತಲೆ ಎತ್ತಲಾಗಲಿಲ್ಲ.

ಸೋಮವಾರ 11 ಗಂಟೆಗೆ ಕೋರ್ಟು ಕೂತ ಕೂಡಲೇ ಆ ಅರ್ಜಿಯನ್ನು ಮೊದಲು ಕೂಗಿಸಿದೆ. ವಾಯಿದೆ ಅವತ್ತಿಗೆ ಇರಲಿಲ್ಲ, ಬೆಳಿಗ್ಗೆಯೇ ಎರಡೂ ಕಡೆಯ ವಕೀಲರಿಗೆ ಬೆಂಚ್ ಕ್ಲರ್ಕ್ ಮೂಲಕ ಹೇಳಿಕಳಿಸಿದ್ದೆ. ಹಾಲು ತುಂಬಿತ್ತು. "ಈ ಪ್ರಕರಣದ ಬಗ್ಗೆ ನಿನ್ನೆ ಸಂಜೆ ನನಗೊಂದು ಕರೆ ಬಂದಿದೆ. ವಿಚಾರಣೆ ನಿಧಾನ ಮಾಡಿ ಎಂದು ಕೇಳಿದ್ದಾರೆ. ಇದನ್ನು ಆರ್ಡರ್ ಶೀಟಿನಲ್ಲಿ ಬರೆಸುತ್ತಿದ್ದೇನೆ. ನಾನು ಈ ಅರ್ಜಿ ಕೇಳುವುದಕ್ಕೆ ಯಾರದಾದರೂ ಆಕ್ಷೇಪವಿದ್ದರೆ ಈಗಲೇ ಹೇಳಿ, ಬೇರೆ ಕೋರ್ಟಿಗೆ ವರ್ಗಾಯಿಸಲು ಜಿಲ್ಲಾ ನ್ಯಾಯಾಧೀಶರಿಗೆ ಬರೆಯುತ್ತೇನೆ." ಸ್ಟೆನೋ ಒಂದು ಕ್ಷಣ ಪೆನ್ಸಿಲ್ ಎತ್ತಿ ನನ್ನ ಮುಖ ನೋಡಿದರು. "ಬರ್ಕೊಳ್ಳಿ" ಅಂದೆ. ಗೆದ್ದವರ ಪರ ವಕೀಲರು ತಡವರಿಸಿ ಎದ್ದುನಿಂತು, "ಆಕ್ಷೇಪವಿಲ್ಲ ಮಹಾಸ್ವಾಮಿ, ನಮ್ಮ ಕಕ್ಷಿದಾರರಿಗೂ ಇದಕ್ಕೂ ಸಂಬಂಧವಿಲ್ಲ" ಅಂದರು. ಅದನ್ನೂ ಬರೆಸಿದೆ.

ಅವತ್ತೇ ಪ್ರಧಾನ ಜಿಲ್ಲಾ ನ್ಯಾಯಾಧೀಶರಿಗೆ ಮೊಹರು ಮಾಡಿದ ಲಕೋಟೆಯಲ್ಲಿ ಒಂದು ಪುಟದ ಪತ್ರ ಕಳಿಸಿದೆ. ಅದರಲ್ಲಿ ಗೆಳೆಯನ ಹೆಸರು, ಕರೆ ಬಂದ ವೇಳೆ, ಆಡಿದ ಮಾತು ಇತ್ತು. ತೆರೆದ ಹಾಲಿನಲ್ಲಿ ಹೆಸರು ಹೇಳಲಿಲ್ಲ, ಯಾಕೆಂದರೆ ಮಾತಿಗೆ ಸಾಕ್ಷಿ ನಾನೊಬ್ಬನೇ. ಸಂವಿಧಾನದ 235ನೇ ವಿಧಿ ಕೆಳಹಂತದ ನ್ಯಾಯಾಲಯಗಳ ಮೇಲಿನ ಹಿಡಿತವನ್ನು ಸರ್ಕಾರಕ್ಕೆ ಕೊಡದೆ ಹೈಕೋರ್ಟಿಗೆ ಕೊಟ್ಟಿದೆ. ತಾಲೂಕಿನ ನ್ಯಾಯಾಧೀಶನಿಗೆ ಹೀಗೆ ಬರೆಯಲು ಒಂದು ವಿಳಾಸವಿರುವುದು ಆ ವಿಧಿಯಿಂದಲೇ. ರಾಜ್ಯ ಸರ್ಕಾರದ ಇಲಾಖೆಯೊಂದರ ಅಧಿಕಾರಿಗೆ ಈ ಅನುಕೂಲ ಎಲ್ಲಿದೆ?

ಗೆಳೆಯ ಅವತ್ತು ರಾತ್ರಿಯೇ ಫೋನ್ ಮಾಡಿ, "ನನ್ನ ಮಾನ ಕಳೆದೆಯಲ್ಲೋ" ಅಂದ. ಆಮೇಲೆ ಅವನು ನನ್ನ ಜೊತೆ ಮಾತಾಡಿಲ್ಲ. ಅದು ಈಗಲೂ ನನಗೆ ನೋವಿನ ವಿಷಯ. ಆದರೆ ಬೇರೆ ಯಾರ ಕರೆಯೂ ಬರಲಿಲ್ಲ. ಇಂಥ ಮಾತು ಇಬ್ಬರ ನಡುವೆ ಇರುವ ತನಕ ಮಾತ್ರ ಬದುಕಿರುತ್ತದೆ. 2022ರ ಜುಲೈನಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಚ್.ಪಿ. ಸಂದೇಶ್ ಅವರು ಭ್ರಷ್ಟಾಚಾರ ನಿಗ್ರಹ ದಳಕ್ಕೆ (ಎಸಿಬಿ) ಸಂಬಂಧಿಸಿದ ಪ್ರಕರಣ ಕೇಳುವಾಗ, ತಮಗೆ ವರ್ಗಾವಣೆಯ ಬೆದರಿಕೆ ಬಂದಿದೆ ಎಂದು ತೆರೆದ ನ್ಯಾಯಾಲಯದಲ್ಲೇ ಹೇಳಿದ್ದನ್ನು ಓದಿದಾಗ ನನ್ನ ಆ ಸೋಮವಾರ ನೆನಪಾಯಿತು. ಅಷ್ಟು ಎತ್ತರದಲ್ಲಿ ಕೂತವರಿಗೂ ಉಳಿದಿದ್ದ ದಾರಿ ಅದೇ.

ಮತಪತ್ರಗಳ ವಿಷಯಕ್ಕೆ ಬರುತ್ತೇನೆ. ಮರುಎಣಿಕೆ ಕೇಳಿದ ಮಾತ್ರಕ್ಕೆ ಕೊಡುವಂತಿಲ್ಲ, ಮತದಾನದ ಗೋಪ್ಯತೆ ದೊಡ್ಡದು. ಯಾವ ಮತಪತ್ರ, ಏನು ತಪ್ಪು ಎಂದು ಅರ್ಜಿಯಲ್ಲೇ ಖಚಿತವಾಗಿ ಹೇಳಿರಬೇಕು, ಸಾಕ್ಷ್ಯವೂ ಇರಬೇಕು. ಇಲ್ಲಿ ಎರಡೂ ಇದ್ದವು. ಖಜಾನೆಯಿಂದ ಪೆಟ್ಟಿಗೆ ತರಿಸಿ, ಎರಡೂ ಕಡೆಯವರ ಮುಂದೆ ಅರಗಿನ ಮೊಹರು ಒಡೆಸಿ, ತಿರಸ್ಕೃತ 11 ಪತ್ರಗಳನ್ನು ಮೇಜಿನ ಮೇಲೆ ಸಾಲಾಗಿ ಇಡಿಸಿದೆ. ಐದರಲ್ಲಿ ಎರಡೆರಡು ಗುರುತು ಇದ್ದವು. ಒಂದು ಕಪ್ಪಗೆ, ಇನ್ನೊಂದು ಮಾಸಲು. ಮೊಹರು ಒತ್ತಿ ಶಾಯಿ ಒಣಗುವ ಮೊದಲೇ ಮಡಚಿದ್ದರಿಂದ ಅದು ಎದುರಿನ ಚಿಹ್ನೆಯ ಮೇಲೂ ಅಂಟಿಕೊಂಡಿತ್ತು. ಆ ಬಾಣದ ಗುರುತಿನ ಮೊಹರನ್ನು ರೂಪಿಸಿರುವುದೇ ಇದಕ್ಕಾಗಿ. ನಿಜವಾಗಿ ಒತ್ತಿದ ಗುರುತಿನಲ್ಲಿ ಮೊನೆಗಳು ಒಂದು ದಿಕ್ಕಿಗೆ ತಿರುಗಿರುತ್ತವೆ, ಅಂಟಿದ ಗುರುತಿನಲ್ಲಿ ಕನ್ನಡಿಯಲ್ಲಿ ಕಂಡಂತೆ ಎದುರು ದಿಕ್ಕಿಗೆ. ಭೂತಗನ್ನಡಿ ಹಿಡಿದು ಒಂದೊಂದನ್ನೇ ನೋಡಿದೆ, ವಕೀಲರಿಗೂ ತೋರಿಸಿದೆ. ಐದರಲ್ಲಿ ನಾಲ್ಕು ಮತ ಅರ್ಜಿದಾರರದು, ಒಂದು ಗೆದ್ದವರದು. 216ಕ್ಕೆ 215. ಉಳಿದ ಆರನ್ನು ತಿರಸ್ಕರಿಸಿದ್ದು ಸರಿಯಾಗಿಯೇ ಇತ್ತು. ಇಷ್ಟು ಕೆಲಸಕ್ಕೆ ಹಿಡಿದದ್ದು ಒಂದು ಮಧ್ಯಾಹ್ನ. ಐದು ವರ್ಷ ಎಳೆಯಬೇಕೆಂದು ಕೇಳಿದ್ದು ಈ ಒಂದು ಮಧ್ಯಾಹ್ನದ ಕೆಲಸವನ್ನು.

ಆ ಮೂರು ವರ್ಷ ಊರಿನ ಜಾತ್ರೆಗೆ ನಾನು ಹೋದದ್ದು ಮಧ್ಯಾಹ್ನ ಜನ ಇಲ್ಲದ ಹೊತ್ತಿನಲ್ಲಿ, ಮನೆಯವರ ಜೊತೆ, ಎಲ್ಲರ ಹಾಗೆ ಸರದಿಯಲ್ಲಿ ನಿಂತು. ಹಾರ, ಪೇಟ, ವೇದಿಕೆಯ ಮೇಲೆ ಪುಢಾರಿಯ ಪಕ್ಕದ ಕುರ್ಚಿ ಬೇಡವೆಂದದ್ದಕ್ಕೆ ದುರಹಂಕಾರಿ ಎಂದು ಕೆಲವರು ಬೇಸರ ಮಾಡಿಕೊಂಡರು. ಆ ಫೋಟೋ ಮಾರನೆ ದಿನ ಕಕ್ಷಿದಾರನ ಮೊಬೈಲಿನಲ್ಲಿ ಇರುತ್ತದೆ, ಅವನು ಏನೆಂದುಕೊಳ್ಳುತ್ತಾನೆ ಎಂಬುದಷ್ಟೇ ನನ್ನ ಚಿಂತೆಯಾಗಿತ್ತು.

ಮೂರು ವರ್ಷ ತುಂಬಿದ ಮೇ ತಿಂಗಳಲ್ಲಿ ಎಲ್ಲರಂತೆ ನನಗೂ ವರ್ಗವಾಯಿತು. ಅದು ವಾಡಿಕೆಯ ವರ್ಗಾವಣೆ, ಅದರಲ್ಲಿ ನನಗೆ ಸ್ವಲ್ಪವೂ ಅನುಮಾನವಿಲ್ಲ. ಆದರೆ ಸಾಮಾನು ಲಾರಿಗೆ ಹೇರಿಸುತ್ತಿದ್ದಾಗ ನಮ್ಮ ಅಟೆಂಡರ್ ಕಣ್ಣು ಒರೆಸಿಕೊಳ್ಳುತ್ತ, "ಆ ಕೇಸಿಂದಾನೇ ಅಂತೆ ಸ್ವಾಮಿ. ಅವರೇ ಮಾಡಿಸಿದ್ದಂತೆ. ಬಸ್‌ಸ್ಟ್ಯಾಂಡ್ ಹೋಟ್ಲಲ್ಲೆಲ್ಲಾ ಅದೇ ಮಾತು" ಅಂದರು. ಅಲ್ಲಪ್ಪಾ, ನನ್ನ ಅವಧಿಯೇ ಮುಗಿದಿತ್ತು ಎಂದರೂ ಅವರು ನಂಬಲಿಲ್ಲ. ವಕೀಲರಲ್ಲೂ ಅರ್ಧ ಮಂದಿ ನಂಬಿರಲಿಲ್ಲ. ಸಾಹೇಬರು ಒಂದು ಬೆರಳೂ ಎತ್ತದೆ ನನ್ನನ್ನು ಎತ್ತಂಗಡಿ ಮಾಡಿಸಿದ ಕೀರ್ತಿ ಪಡೆದಿದ್ದರು, ಮತ್ತು ನನ್ನ ಜಾಗಕ್ಕೆ ಬಂದವರ ಕಿವಿಗೆ ಮೊದಲ ವಾರವೇ ಆ ಕಥೆ ಬಿದ್ದಿರುತ್ತದೆ.

ಜನ ಸುಮ್ಮನೆ ಹಾಗೆ ನಂಬುವುದಿಲ್ಲ. ತುರ್ತುಪರಿಸ್ಥಿತಿಯಲ್ಲಿ, 1975ರ ಜೂನ್ 26ರಂದು ಬೆಂಗಳೂರಿನಲ್ಲಿ ಬಂಧಿತರಾದ ಅಡ್ವಾಣಿ, ವಾಜಪೇಯಿ, ಮಧು ದಂಡವತೆ ತಮ್ಮ ಬಂಧನವನ್ನು ಪ್ರಶ್ನಿಸಿ ನಮ್ಮ ಹೈಕೋರ್ಟಿಗೆ ಹೋದಾಗ, ಅಂಥ ಅರ್ಜಿ ಕೇಳಲೇಬಾರದು ಎಂಬ ಕೇಂದ್ರದ ವಾದವನ್ನು ಹೈಕೋರ್ಟು ಒಪ್ಪಲಿಲ್ಲ. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು, ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ ಭಿನ್ನಮತ ಬರೆದರು. ಆ ವರ್ಷವೇ ದೇಶದ ಹೈಕೋರ್ಟುಗಳ 16 ನ್ಯಾಯಮೂರ್ತಿಗಳನ್ನು ವರ್ಗ ಮಾಡಿದರು. ನಮ್ಮಲ್ಲಿಂದ ಡಿ.ಎಂ. ಚಂದ್ರಶೇಖರ್ ಅಲಹಾಬಾದಿಗೆ ಹೋದರು, ಸದಾನಂದಸ್ವಾಮಿ ಗುವಾಹಾಟಿಗೆ. ಗುಜರಾತಿನ ಸಂಕಲ್‌ಚಂದ್ ಶೇಠ್ ತಮ್ಮ ವರ್ಗಾವಣೆಯನ್ನು ಕೋರ್ಟಿನಲ್ಲೇ ಪ್ರಶ್ನಿಸಿದರು. ವರ್ಗಾವಣೆ ಸಾರ್ವಜನಿಕ ಹಿತಕ್ಕಷ್ಟೇ ಇರಬೇಕು, ಶಿಕ್ಷೆಯಾಗಿ ಅಲ್ಲ ಎಂದು ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿದ್ದು ಅವರ ಪ್ರಕರಣದಲ್ಲಿ.

ಪೋಲೆಂಡಿನಲ್ಲಿ 2018ರಲ್ಲಿ ವಾಲ್ದೆಮಾರ್ ಝುರೆಕ್ ಎಂಬ ನ್ಯಾಯಾಧೀಶರನ್ನು ಅವರ ಒಪ್ಪಿಗೆಯಿಲ್ಲದೆ ಕ್ರಾಕೋವ್ ಕೋರ್ಟಿನ ಒಂದು ವಿಭಾಗದಿಂದ ಇನ್ನೊಂದಕ್ಕೆ ಹಾಕಿದರು. ಅವರು ಸರ್ಕಾರದ ನ್ಯಾಯಾಂಗ ಕಾಯ್ದೆಗಳನ್ನು ಬಹಿರಂಗವಾಗಿ ವಿರೋಧಿಸುತ್ತಿದ್ದವರು. ಊರು ಬದಲಾಗಲಿಲ್ಲ, ಕೋರ್ಟು ಅದೇ. ಆದರೂ ಐರೋಪ್ಯ ಒಕ್ಕೂಟದ ನ್ಯಾಯಾಲಯ 2021ರ ಅಕ್ಟೋಬರಿನಲ್ಲಿ, ಇಂಥ ವರ್ಗಾವಣೆ ತೀರ್ಪುಗಳ ಮೇಲೆ ಹಿಡಿತ ಸಾಧಿಸುವ ದಾರಿಯಾಗಬಲ್ಲದು, ಆದ್ದರಿಂದ ಅದಕ್ಕೆ ಕಾರಣ ಬರೆದಿರಬೇಕು, ಅದನ್ನು ಪ್ರಶ್ನಿಸಲು ಅವಕಾಶವಿರಬೇಕು ಎಂದಿತು. ನಿವೃತ್ತಿಯಾದ ಮೇಲೆ ಇದನ್ನು ಓದುತ್ತ ನಮ್ಮ ಅಟೆಂಡರ್ ಮಾತು ನೆನೆಸಿಕೊಂಡೆ. ವರ್ಗಾವಣೆ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಹಳೆಯ ಊರು, ಹೊಸ ಊರು ಎಂದು ಎರಡು ಕಲಂ ಇದ್ದವು. ಮೂರನೆಯದೊಂದು ಇದ್ದು ಅದರಲ್ಲಿ "3 ವರ್ಷ ಪೂರ್ಣ" ಎಂದು ಬರೆದಿದ್ದರೆ, ಅದನ್ನೇ ಅವರ ಕೈಗೆ ಕೊಟ್ಟು ಬಸ್‌ಸ್ಟ್ಯಾಂಡ್ ಹೋಟೆಲಿನಲ್ಲಿ ಅಂಟಿಸಿ ಬನ್ನಿ ಎನ್ನುತ್ತಿದ್ದೆ.