ಕಾನ್ಯೂರ್ ತರುವ ಮೊದಲು ನಾವು ನಮ್ಮ ಮನೆಯನ್ನೇ ನೋಡಿಕೊಂಡೆವು

ಮಗಳಿಗೆ ಬೇಕಾಗಿದ್ದು ಸನ್ ಕಾನ್ಯೂರ್ ಅನ್ನುವ ಹಳದಿ-ಕಿತ್ತಳೆ ಬಣ್ಣದ ವಿದೇಶಿ ಗಿಳಿ. ಹೆಂಡತಿಗೆ ಹಕ್ಕಿ ಬಂದರೆ ಖುಷಿಯೇ, ಗಲೀಜು ಮಾತ್ರ ಬೇಡ. ಅಮ್ಮನದು ಬೇರೆಯೇ ವಾದ: "ಇಷ್ಟೆಲ್ಲ ದುಡ್ಡು ಯಾಕೆ ಮಾಣಿ, ಊರಿಂದ ಒಂದು ಗಿಳಿ ಮರಿ ತಂದ್ರೆ ಆಯ್ತಲ್ಲ?" ಕುಂದಾಪುರದ ಅಜ್ಜನ ಮನೆ ಜಗಲಿಯಲ್ಲಿ ಗಿಳಿ ಪಂಜರ ನೇತಾಡುತ್ತಿದ್ದ ಕಾಲದವಳು ಅವಳು. ನಾವಿರುವುದು ಮುಂಬೈ ಹತ್ತಿರದ ಡೊಂಬಿವಲಿ ಈಸ್ಟಿನ ಒಂದು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ.

ಅಮ್ಮನ ಮಾತಿಗೆ ಉತ್ತರ ಸುಲಭ. ನಮ್ಮ ದೇಶದ ಗಿಳಿಗಳನ್ನು ಹಿಡಿಯುವುದು, ಮಾರುವುದು, ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ವಿರುದ್ಧ. ರಸ್ತೆ ಬದಿಯಲ್ಲಿ ರಾಜಾರೋಷವಾಗಿ ಮಾರುತ್ತಾರೆ ಅಂದಮಾತ್ರಕ್ಕೆ ಅದು ಸರಿ ಅಂತ ಆಗುವುದಿಲ್ಲ. ಕಾನ್ಯೂರ್ ದಕ್ಷಿಣ ಅಮೆರಿಕದ ಹಕ್ಕಿ, ಇಲ್ಲಿ ಸಾಕಬಹುದು. ಆದರೆ ಅದಕ್ಕೂ ಕಾಗದಪತ್ರ ಇದೆ. ಅದೇ ಕಾಯ್ದೆಯ 2022ರ ತಿದ್ದುಪಡಿಯ ನಂತರ ಸೈಟೀಸ್ (ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿ-ಪಕ್ಷಿ ಇಟ್ಟುಕೊಂಡವರು ನೋಂದಣಿ ಮಾಡಿಸಬೇಕು. 2024ರಲ್ಲಿ ನಿಯಮಗಳೂ ಬಂದವು, ಅರ್ಜಿ ಹಾಕುವುದು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ. ಬಡ್ಜಿ, ಕಾಕಟೀಲ್ ಅನ್ನುವ ಸಣ್ಣ ಸಾಕು ಗಿಳಿಗಳು ಆ ಪಟ್ಟಿಯಲ್ಲಿ ಇಲ್ಲ, ಕಾನ್ಯೂರ್ ಇದೆ. ಅಂಗಡಿಯವರನ್ನು ಕೇಳಿದರೆ "ಅರೇ, ಕುಛ್ ನಹೀ ಲಗ್ತಾ" (ಏನೂ ಬೇಕಾಗಿಲ್ಲ) ಅಂತಾರೆ. ಅಂಥ ಅಂಗಡಿಯಿಂದ ಸುಮ್ನೆ ವಾಪಸ್ ಬರುವುದು ಒಳ್ಳೆಯದು.

ಇಷ್ಟು ಗೊತ್ತಾದ ಮೇಲೆ ನಾನು ಹಕ್ಕಿಯ ಬಗ್ಗೆ ಓದುವುದನ್ನು ಸ್ವಲ್ಪ ಬದಿಗಿಟ್ಟು ನಮ್ಮ ಮನೆಯ ದಿನಚರಿಯನ್ನು ಒಂದು ಹಾಳೆಯ ಮೇಲೆ ಬರೆದೆ. ಯಾರು ಎಷ್ಟು ಗಂಟೆಗೆ ಏಳುತ್ತಾರೆ, ಯಾರು ಯಾವಾಗ ಮನೆಯಲ್ಲಿ ಇರುತ್ತಾರೆ, ಟಿವಿ ಎಷ್ಟು ಹೊತ್ತಿಗೆ ಆಫ್ ಆಗುತ್ತದೆ, ಅಷ್ಟೇ. ಹಕ್ಕಿಯ ದಿನ ಸೂರ್ಯನ ಜೊತೆ, ನನ್ನ ದಿನ ಲೋಕಲ್ ಟ್ರೇನ್ ಜೊತೆ. ಬೆಳಿಗ್ಗೆ ಅಂಧೇರಿಗೆ ಹೊರಟರೆ ಮನೆ ಸೇರುವಾಗ ರಾತ್ರಿ ಎಂಟು ದಾಟಿರುತ್ತದೆ. ಕಾನ್ಯೂರ್‌ಗೆ ದಿನಕ್ಕೆ 10-12 ಗಂಟೆ ಕತ್ತಲೆ, ನಿಶ್ಶಬ್ದ ಬೇಕು. ಅಂದರೆ ನಾನು ಬರುವ ಹೊತ್ತಿಗೆ ಅದು ಮಲಗಿರಬೇಕು. ವಾರದ ಐದು ದಿನ ಹಕ್ಕಿಗೂ ನನಗೂ ಭೇಟಿಯೇ ಇಲ್ಲ ಅಂತಾಯಿತು! ಹಗಲು ಅದರ ಜೊತೆ ಇರುವವಳು ಅಮ್ಮ, ಮನೆಯಿಂದ ಕೆಲಸ ಇರುವ ದಿನ ಹೆಂಡತಿ. ಹಾಗಾಗಿ ತರಬೇಕೋ ಬೇಡವೋ ಅಂತ ಹೇಳಬೇಕಾದವರು ಅವರು, ನಾನಲ್ಲ, ಮಗಳೂ ಅಲ್ಲ. ಮೊದಲ ಸಲ ಹಕ್ಕಿ ತರುವವರಿಗೆ ನಾನು ಹೇಳುವುದು ಇದೊಂದೇ. ಮನೆಯಲ್ಲಿ ಹಗಲು ಯಾರಿರುತ್ತಾರೋ ಅವರನ್ನು ಕೇಳಿ, ಅವರು ಹೂಂ ಅನ್ನದಿದ್ದರೆ ಅಲ್ಲಿಗೇ ಬಿಟ್ಟುಬಿಡಿ.

ಆಮೇಲೆ ವಯಸ್ಸಿನ ಲೆಕ್ಕ. ಚೆನ್ನಾಗಿ ನೋಡಿಕೊಂಡರೆ ಕಾನ್ಯೂರ್ 20 ವರ್ಷ, ಕೆಲವು ಅದಕ್ಕಿಂತ ಜಾಸ್ತಿಯೂ ಬದುಕುತ್ತವೆ. ಮಗಳು ಈಗ ಆರನೇ ಕ್ಲಾಸು. ಕಾಲೇಜು, ಕೆಲಸ, ಮದುವೆ ಅಂತ ಅವಳು ಎಲ್ಲಿಗೋ ಹೋದ ಮೇಲೂ ಹಕ್ಕಿ ಇಲ್ಲೇ ಇರುತ್ತದೆ, ನಾನು ರಿಟೈರ್ ಆದಾಗಲೂ. ಇದನ್ನು ಹೇಳಿದಾಗ ಹೆಂಡತಿ ನಕ್ಕು, "ಹಾಗಾದ್ರೆ ನಿಮಗೆ ಆಗ ಜೊತೆಗೊಬ್ಬರು ಇರ್ತಾರೆ ಬಿಡಿ" ಅಂದಳು.

ಯಾವ ಕಾನ್ಯೂರ್ ಅನ್ನುವುದನ್ನು ಗೋಡೆಗಳೇ ತೀರ್ಮಾನ ಮಾಡಿದವು. ಸನ್ ಕಾನ್ಯೂರ್ ಕೂಗು 100 ಡೆಸಿಬೆಲ್ ದಾಟಬಹುದು. ಕಾಡಿನಲ್ಲಿ ಗುಂಪಿನವರನ್ನು ದೂರದಿಂದ ಕರೆಯಲು ಇರುವ ಗಂಟಲು ಅದು, ನಮ್ಮ ಮನೆಯ ಹಾಲ್‌ಗೆ ಬಂದರೂ ಸಣ್ಣದಾಗುವುದಿಲ್ಲ. ಬೆಳಿಗ್ಗೆ ಮತ್ತು ಸಂಜೆ ಕೂಗಿಯೇ ಕೂಗುತ್ತದೆ, ಬೈದು ನಿಲ್ಲಿಸುವಂಥದ್ದಲ್ಲ. ಗ್ರೀನ್ ಚೀಕ್ ಕಾನ್ಯೂರ್ ಸಣ್ಣದು, 60-80 ಗ್ರಾಂ ತೂಗುತ್ತದೆ, ಸದ್ದು ಬಹಳ ಕಡಿಮೆ. ಇಲ್ಲವೇ ಇಲ್ಲ ಅಂತಲ್ಲ. ಮಗಳಿಗೆ ಬೇಜಾರಾಯಿತು. ಅವಳಿಗೆ ಇನ್ನೊಂದು ವಿಷಯ ಹೇಳಿದೆ, ಸನ್ ಕಾನ್ಯೂರ್ ಮರಿಯ ಮೈಮೇಲೆ ಹಸಿರೇ ಜಾಸ್ತಿ ಇರುತ್ತದೆ, ವಿಡಿಯೋದಲ್ಲಿ ಕಾಣುವ ಆ ಬಂಗಾರದ ಬಣ್ಣ ದೊಡ್ಡದಾಗುತ್ತಾ ಬರುವುದು. ಅವಳು ಪೂರ್ತಿ ಒಪ್ಪಲಿಲ್ಲ, ಆದರೆ ಸುಮ್ಮನಾದಳು. ಕೆಳಗಿನ ಮನೆಯ ಕಾಕಾ ಹತ್ತಿರವೂ ಮೊದಲೇ ಮಾತಾಡಿದೆ. ಮಧ್ಯಾಹ್ನ ನಿದ್ದೆ ಮಾಡುವ ಹಿರಿಯರು, ನಾಳೆ ಸೊಸೈಟಿ ಮೀಟಿಂಗ್‌ನಲ್ಲಿ ಮಾತು ಬರಬಾರದು ಅಲ್ವಾ. ನಿಮ್ಮ ಇಡ್ಲಿ ಹಿಟ್ಟಿನ ಮಿಕ್ಸಿಗಿಂತ ಅದೇನು ಜೋರಾಗಿ ಕೂಗೀತು, ತನ್ನಿ, ಅಂದರು.

ಆದರೂ ಓದಿದ್ದರ ಮೇಲೆ ನಂಬಿಕೆ ಸಾಲಲಿಲ್ಲ. ಮುಲುಂಡ್‌ನಲ್ಲಿರುವ ಗೆಳೆಯನ ಮನೆಯಲ್ಲಿ ಗ್ರೀನ್ ಚೀಕ್ ಇತ್ತು. ಅವರು ಮೇ ರಜೆಯಲ್ಲಿ ಊರಿಗೆ ಹೊರಟಾಗ ಹಕ್ಕಿಯನ್ನು ನಮ್ಮಲ್ಲಿ ಬಿಡಲು ಕೇಳಿಕೊಂಡೆ. ಯಾರಾದರೂ ಸಾಕಿದವರು ಗೊತ್ತಿದ್ದರೆ ಹೀಗೆ ಮಾಡಿ. ಅವರಿಗೂ ಉಪಕಾರ, ನಿಮಗೂ ಸತ್ಯ ಗೊತ್ತಾಗುತ್ತದೆ.

ಗೊತ್ತಾದದ್ದು ಹೀಗೆ. ಕಾನ್ಯೂರ್ ಹದಿನೈದು-ಇಪ್ಪತ್ತು ನಿಮಿಷಕ್ಕೊಮ್ಮೆ ಹಿಕ್ಕೆ ಹಾಕುತ್ತದೆ, ಎಲ್ಲಿ ಕೂತಿದೆಯೋ ಅಲ್ಲೇ. ಹಾಕುವ ಮೊದಲು ಎರಡು ಹೆಜ್ಜೆ ಹಿಂದೆ ಸರಿದು ಬಾಲ ಸ್ವಲ್ಪ ಎತ್ತುತ್ತದೆ. ಹೆಂಡತಿ ಎರಡೇ ದಿನದಲ್ಲಿ ಅದನ್ನು ಗುರುತಿಸಿ, ಬಾಲ ಎತ್ತುವಷ್ಟರಲ್ಲಿ ಕೆಳಗೆ ಹಳೆಯ ಪೇಪರ್ ಹಿಡಿಯಲು ಶುರು ಮಾಡಿದಳು. ಗಲೀಜು ಬೇಡ ಅಂದವಳೇ! ಬೆರಳು ಚಾಚಿದರೆ ಹಕ್ಕಿ ಮೊದಲು ಕೊಕ್ಕಿನಿಂದ ಮುಟ್ಟಿ, ಒತ್ತಿ, ಗಟ್ಟಿ ಇದೆಯಾ ಅಂತ ನೋಡಿ, ಆಮೇಲೆ ಕಾಲು ಇಡುತ್ತದೆ. ಹೆದರಿ ಬೆರಳು ಹಿಂದೆ ಎಳೆದುಕೊಂಡರೆ ಮುಂದಿನ ಸಲ ನಿಜವಾಗಿಯೂ ಕಚ್ಚುತ್ತದೆ. ಮಗಳಿಗೆ ರಕ್ತ ಬಂತು. ಅತ್ತಳು. ಮರುದಿನ ತಾನಾಗಿಯೇ ಬೆರಳು ಚಾಚಿದಳು, ಆವತ್ತು ನನಗೆ ಇವಳ ಬಗ್ಗೆ ಇದ್ದ ಅನುಮಾನ ಹೋಯಿತು. ಅಮ್ಮ ಮಾತ್ರ ಮುಟ್ಟಲೇ ಇಲ್ಲ. ದೂರ ಕೂತು ಬೀನ್ಸ್ ಮುರಿಯುತ್ತಾ ಅದಕ್ಕೊಂದು ಚೂರು ಎಸೆಯುವುದು, ಅದು ಒಂದು ಕಾಲಲ್ಲಿ ಹಿಡಿದು ಕಾಳನ್ನಷ್ಟೇ ಬಿಡಿಸಿ ತಿಂದು ಸಿಪ್ಪೆಯನ್ನು ನೆಲಕ್ಕೆ ಹಾಕುವುದು. "ನೋಡು, ನಿನ್ನ ಹಾಗೇ" ಅಂತ ನನಗೇ ಹೇಳುತ್ತಿದ್ದಳು.

ಮುಂಬೈ ಮೇ ತಿಂಗಳಲ್ಲಿ ಫ್ಯಾನ್ ಇಲ್ಲದೆ ಕೂರಲಾಗುತ್ತದಾ? ಹಕ್ಕಿ ಹೊರಗಿದ್ದರೆ ಫ್ಯಾನ್ ಆಫ್ ಇರಲೇಬೇಕು. ಕಿಟಕಿಗಳಿಗೆಲ್ಲ ಜಾಲರಿ, ಬಾಗಿಲಿಗೆ ಚಿಲಕ. ಅದು ಹೊರಗೆ ಇರುವಷ್ಟು ಹೊತ್ತು ನಾವು ಬೆವರುತ್ತಾ ಕೂರುತ್ತಿದ್ದೆವು. ಇದನ್ನು ಯಾವ ವಿಡಿಯೋದಲ್ಲೂ ತೋರಿಸುವುದಿಲ್ಲ. ಪಂಜರ ಬಾಲ್ಕನಿಯಲ್ಲಿ ಇಡೋಣ ಅಂದರೆ ಅಲ್ಲಿ ಕಾಗೆ, ಹದ್ದು, ಎಸಿ ಮೇಲೆ ಪಾರಿವಾಳದ ಹಿಕ್ಕೆ. ಪಾರಿವಾಳದಿಂದ ರೋಗ ಅಂಟಬಹುದು, ಹಾಗಾಗಿ ಅದೂ ಇಲ್ಲ. ರಾತ್ರಿ ಹಾಲ್‌ನಲ್ಲಿ ಟಿವಿ ಇರುತ್ತದೆ, ನಾವಿಬ್ಬರು ಮಲಗುವುದೂ ಅಲ್ಲೇ. ಕೊನೆಗೆ ದಾರಿ ಸಿಕ್ಕಿದ್ದು ಅಮ್ಮನಿಂದ. ಅವಳು ಒಂಬತ್ತಕ್ಕೇ ದೀಪ ಆರಿಸಿ ಮಲಗುವವಳು. ಮಲಗಲು ಮಾತ್ರ ಒಂದು ಸಣ್ಣ ಪಂಜರ, ಅದು ಬೆಡ್‌ರೂಮಿನಲ್ಲಿ ಅವಳ ಮಂಚದ ಪಕ್ಕದ ಮೇಜಿನ ಮೇಲೆ. ಕತ್ತಲಾದ ಮೇಲೆ ಹಕ್ಕಿ ಕೊಕ್ಕನ್ನು ಮೆಲ್ಲಗೆ ಕರಕರ ಅಂತ ಮಸೆಯುತ್ತದೆ, ನೆಮ್ಮದಿಯಾಗಿ ನಿದ್ದೆಗೆ ಜಾರುವ ಲಕ್ಷಣ ಅದು. ಮೊದಲ ರಾತ್ರಿ ಅಮ್ಮ ಎದ್ದು ಬಂದು "ಇಲಿ ಬಂದಿದೆ ಮಾಣಿ" ಅಂದಿದ್ದಳು.

ಅಡುಗೆಮನೆ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ನಮ್ಮಂಥವರ ಮನೆಯಲ್ಲಿ ಹಕ್ಕಿಗೆ ಅಪಾಯ ಇರುವುದು ಅಲ್ಲೇ. ನಾನ್‌ಸ್ಟಿಕ್ ಪಾತ್ರೆಯ ಲೇಪ ವಿಪರೀತ ಕಾದರೆ ಅದರಿಂದ ಬರುವ ಹೊಗೆಗೆ ವಾಸನೆಯೂ ಅಷ್ಟಾಗಿ ಇರುವುದಿಲ್ಲ. ನಮಗೆ ಏನೂ ಅನ್ನಿಸದೆ ಇರಬಹುದು, ಹಕ್ಕಿ ಮಾತ್ರ ನಿಮಿಷಗಳಲ್ಲಿ ಸಾಯಬಹುದು. ಅವುಗಳ ಶ್ವಾಸಕೋಶದ ಜೊತೆ ಗಾಳಿಚೀಲಗಳೂ ಇರುವುದರಿಂದ ಗಾಳಿಯಲ್ಲಿ ಏನಿದ್ದರೂ ಬೇಗ ಒಳಗೆ ಹೋಗುತ್ತದೆ. ದೋಸೆ ಹುಯ್ಯುವವರಿಗೆ ಗೊತ್ತು, ಕಾವಲಿ ಖಾಲಿ ಕಾಯುವ ಹೊತ್ತೇ ಜಾಸ್ತಿ. ನಾವು ನಾನ್‌ಸ್ಟಿಕ್ ತವಾ, ಬಾಣಲೆ, ಸ್ಯಾಂಡ್‌ವಿಚ್ ಮೇಕರ್ ಎಲ್ಲ ಕೊಟ್ಟುಬಿಟ್ಟೆವು. ಅಮ್ಮನ ಹಳೆಯ ಕಬ್ಬಿಣದ ಕಾವಲಿ ಅಟ್ಟದಿಂದ ಇಳಿಯಿತು. "ನಾನು ಆವತ್ತೇ ಹೇಳಿದ್ದೆ" ಅನ್ನುವ ಅವಕಾಶವನ್ನು ಅವಳು ಬಿಡಲಿಲ್ಲ. ಒಣಮೆಣಸಿನ ಒಗ್ಗರಣೆ ಹಾಕುವಾಗ ಹಕ್ಕಿ ಬೆಡ್‌ರೂಮಿಗೆ, ಬಾಗಿಲು ಮುಚ್ಚಿ. ದೇವರ ಮುಂದೆ ಅಗರಬತ್ತಿ, ಧೂಪ ನಿಂತು ಎಣ್ಣೆ ದೀಪ ಮಾತ್ರ ಉಳಿಯಿತು. ಸೊಳ್ಳೆ ಕಾಯಿಲ್ ಬಂದ್. ಅವೊಕಾಡೊ, ಚಾಕೊಲೇಟ್, ಕಾಫಿ, ಚಹಾ, ಈರುಳ್ಳಿ ಕೊಡಲೇಬಾರದು. ಚಹಾ ಲೋಟದ ಅಂಚಿಗೆ ಬಂದು ಕೂರುತ್ತದೆ, ಹುಷಾರು. ಬರೀ ಸೂರ್ಯಕಾಂತಿ ಬೀಜ ಹಾಕಿ ಸಾಕಿದರೆ ವಿಟಮಿನ್ ಎ ಕೊರತೆಯಾಗುತ್ತದೆ, ಪಿತ್ತಜನಕಾಂಗದಲ್ಲಿ ಕೊಬ್ಬು ಸೇರುತ್ತದೆ. ಪೆಲೆಟ್ (ಹಕ್ಕಿಗೆಂದೇ ಮಾಡಿದ ಗುಳಿಗೆಯಂಥ ಆಹಾರ), ಸೊಪ್ಪು, ಕ್ಯಾರೆಟ್, ಕೆಂಪು ದೊಣ್ಣೆಮೆಣಸು ಮುಖ್ಯ, ಬೀಜ ಬಾಯಿರುಚಿಗೆ ಅಷ್ಟೇ. ಮಳೆಗಾಲದಲ್ಲಿ ಬೀಜಕ್ಕೆ ಬೂಷ್ಟು ಹಿಡಿಯುತ್ತದೆ, ಸ್ವಲ್ಪ ಮುಗ್ಗಲು ವಾಸನೆ ಬಂದರೂ ಇಡೀ ಪೊಟ್ಟಣ ಕಸಕ್ಕೆ.

ವೈದ್ಯರನ್ನು ಹಕ್ಕಿಗಿಂತ ಮೊದಲು ಹುಡುಕಿದೆವು. ಹತ್ತಿರದ ಕ್ಲಿನಿಕ್‌ನಲ್ಲಿ ನಾಯಿ-ಬೆಕ್ಕು ಮಾತ್ರ ನೋಡುತ್ತೇವೆ ಅಂದರು. ಹಕ್ಕಿ ನೋಡುವವರು ಠಾಣೆಯಲ್ಲಿ ಸಿಕ್ಕರು. ಅವರು ಹೇಳಿದ ಒಂದು ಮಾತು ತುಂಬಾ ಉಪಯೋಗಕ್ಕೆ ಬಂತು. ಹಕ್ಕಿ ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಡುತ್ತದೆ, ಅದಕ್ಕೇ ಒಂದು ಗ್ರಾಂ ವ್ಯತ್ಯಾಸ ತೋರಿಸುವ ಅಡುಗೆಮನೆ ತಕ್ಕಡಿ ಇಟ್ಟುಕೊಂಡು ಬೆಳಿಗ್ಗೆ ತಿನ್ನುವ ಮೊದಲು ತೂಕ ನೋಡಿ ಬರೆದಿಡಿ. ತೂಕ ಇಳಿಯುತ್ತಾ ಹೋದರೆ ಕಾಯಬೇಡಿ.

ಕ್ರಾಫರ್ಡ್ ಮಾರ್ಕೆಟ್ ಕಡೆಗೂ ಒಮ್ಮೆ ಹೋಗಿ ನೋಡಿದೆ. ಇಕ್ಕಟ್ಟಾದ ಪಂಜರಗಳಲ್ಲಿ ಒಂದರ ಮೇಲೊಂದು ಹಕ್ಕಿಗಳು, ತರಲು ಮನಸ್ಸು ಬರಲಿಲ್ಲ. ಇನ್ನೂ ರೆಕ್ಕೆ ಪುಕ್ಕ ಬಾರದ ಮರಿಯನ್ನು ತೋರಿಸಿ, "ನೀವೇ ಸಿರಿಂಜ್‌ನಲ್ಲಿ ತಿನ್ನಿಸಿದರೆ ಚೆನ್ನಾಗಿ ಹೊಂದಿಕೊಳ್ಳುತ್ತದೆ" ಅಂತ ಒಬ್ಬರು ಆಸೆ ತೋರಿಸಿದರು. ಆಹಾರ ಸ್ವಲ್ಪ ಜಾಸ್ತಿ ಬಿಸಿಯಾದರೆ ಮರಿಯ ಗಂಟಲಚೀಲ ಸುಡುತ್ತದೆ, ತಪ್ಪಿ ಶ್ವಾಸಕ್ಕೆ ಹೋದರೆ ಮುಗಿಯಿತು. ಹೊಸಬರು ಇದಕ್ಕೆ ಕೈ ಹಾಕಲೇಬಾರದು. ತಾನೇ ತಿನ್ನಲು ಕಲಿತ ಮರಿ, ಅಥವಾ ನನ್ನ ಅಭಿಪ್ರಾಯದಲ್ಲಿ ಅದಕ್ಕಿಂತ ಒಳ್ಳೆಯದು, ದೊಡ್ಡ ಹಕ್ಕಿ. ಮರಿಗಳೆಲ್ಲ ಮುದ್ದಾಗಿಯೇ ಇರುತ್ತವೆ. ಪ್ರಾಯಕ್ಕೆ ಬಂದಾಗ ಸ್ವಭಾವ ಬದಲಾಗಿ ಕಚ್ಚಲು ಶುರು ಮಾಡುತ್ತವೆ, ಆಗಲೇ ಜನ ಬೇಸತ್ತು ಬೇರೆಯವರಿಗೆ ಕೊಡುವುದು. ಆ ಕಾಲ ದಾಟಿದ ಹಕ್ಕಿ ಹೇಗಿದೆಯೋ ಹಾಗೆ ಕಣ್ಣೆದುರಿಗೇ ಕಾಣುತ್ತದೆ.

ನಮಗೆ ಸಿಕ್ಕಿದ್ದೂ ಅಂಥದ್ದೇ. ಕಲ್ಯಾಣ್‌ನ ಒಂದು ಕುಟುಂಬ ಗಲ್ಫ್‌ಗೆ ಹೊರಟಿತ್ತು, ಅವರ ಗ್ರೀನ್ ಚೀಕ್‌ಗೆ ನೋಂದಣಿ ಇತ್ತು, ಅದನ್ನು ನಮ್ಮ ಹೆಸರಿಗೆ ವರ್ಗಾಯಿಸಲು ಒಪ್ಪಿದರು. ಎರಡು-ಮೂರು ಭಾನುವಾರ ಎಲ್ಲರೂ ಹೋಗಿ ಕೂತು ಬಂದೆವು. ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ಅವಳು ಪರ್ಸಿನಿಂದ ಎರಡು ಬೀನ್ಸ್ ತೆಗೆದಳು, ಹಕ್ಕಿ ಬಂದು ಇಸಿದುಕೊಂಡಿತು. "ಆಯ್ತು, ತಕ್ಕೊಂಡು ಬನ್ನಿ" ಅಂದಳು. ಹಕ್ಕಿಗೆ ಆದದ್ದಕ್ಕಿಂತ ಜಾಸ್ತಿ ಖರ್ಚು ನನಗೆ ದೊಡ್ಡ ಪಂಜರಕ್ಕೇ ಆಯಿತು. ಸರಳಿನ ಸಂದಿ ಅರ್ಧ ಇಂಚಿನ ಆಸುಪಾಸು ಇರಬೇಕು, ತಲೆ ಸಿಕ್ಕಿಹಾಕಿಕೊಳ್ಳಬಾರದು. ಸತುವಿನ ಲೇಪ ಇರುವ ಅಗ್ಗದ ಪಂಜರ ಬೇಡ, ಕಚ್ಚಿ ಕಚ್ಚಿ ಆ ಲೋಹ ಹೊಟ್ಟೆಗೆ ಹೋದರೆ ವಿಷ.

ಊರಿಗೆ ಹೋಗುವ ಚಿಂತೆಯೊಂದು ಉಳಿದಿತ್ತು, ಅದು ಮುಲುಂಡ್ ಗೆಳೆಯನ ಜೊತೆ ಬಗೆಹರಿಯಿತು. ಗಣಪತಿ ಹಬ್ಬಕ್ಕೆ ನಾವು ಕುಂದಾಪುರಕ್ಕೆ ಹೋದಾಗ ನಮ್ಮದು ಅವರಲ್ಲಿ, ಮೇ ತಿಂಗಳಲ್ಲಿ ಅವರದು ನಮ್ಮಲ್ಲಿ. ಎರಡೂ ಹಕ್ಕಿಗಳನ್ನು ವೈದ್ಯರಿಗೆ ತೋರಿಸಿ ಆಗಿದೆ, ಆದರೂ ಪಂಜರಗಳು ಬೇರೆ ಬೇರೆ ಕೋಣೆಯಲ್ಲಿ. ಹಕ್ಕಿಯ ಜೊತೆ ತೂಕ ಬರೆದ ಪುಸ್ತಕ, ವೈದ್ಯರ ನಂಬರ್, ಪೆಲೆಟ್ ಡಬ್ಬಿ ಹೋಗುತ್ತವೆ. ಗೆಳೆಯನ ಮನೆಯಲ್ಲಿ ಇನ್ನೂ ಒಂದು ನಾನ್‌ಸ್ಟಿಕ್ ಅಪ್ಪದ ಕಾವಲಿ ಇದೆ ಅಂತ ಹೆಂಡತಿಗೆ ಹೇಗೋ ಗೊತ್ತಾಗಿದೆ. ಈ ಸಲ ಹಕ್ಕಿ ಬಿಡಲು ಹೋಗುವಾಗ ಬೀಡು ಕಬ್ಬಿಣದ ಅಪ್ಪದ ಕಾವಲಿ ಒಂದನ್ನು ಉಡುಗೊರೆಯಾಗಿ ಒಯ್ಯುವುದು ಅಂತ ತೀರ್ಮಾನವಾಗಿದೆ.